ಹಳೆ ಪೈಥಾನ್‌ಗೆ ಬೆಂಬಲ ನಿಂತಾಗ: ಬಿಡುವ ರೀತಿ ಯಾವುದು, ಖರ್ಚು ಯಾರದು?

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 3.9ಕ್ಕೆ 2025ರ ಅಕ್ಟೋಬರ್ ಕೊನೆಗೆ ಅಧಿಕೃತ ಬೆಂಬಲ ನಿಂತಿತು. 2020ರ ಅಕ್ಟೋಬರ್‌ನಲ್ಲಿ ಬಂದಿದ್ದ ಆವೃತ್ತಿ ಅದು. ಐದು ವರ್ಷ ಅಂತ ಮೊದಲೇ ಹೇಳಿದ್ದರು, ಐದು ವರ್ಷಕ್ಕೆ ಮುಗಿಸಿದರು. 2026ರ ಅಕ್ಟೋಬರ್‌ಗೆ 3.10ರ ಸರದಿ. ದಿನಾಂಕ ಯಾರಿಗೂ ಗುಟ್ಟಲ್ಲ. ಆದರೂ ಯಾವುದಾದರೂ ಲೈಬ್ರರಿಯವರು, ಅಂದರೆ ಬೇರೆಯವರು ಬಳಸಲೆಂದು ಸಿದ್ಧ ಕೋಡ್ ಬರೆದುಕೊಡುವವರು, ಮುಂದಿನ ಬಿಡುಗಡೆಯಿಂದ ಹಳೆ ಪೈಥಾನ್ ನಡೆಯುವುದಿಲ್ಲ ಎಂದ ಕೂಡಲೇ ದೂರುಗಳು ಶುರುವಾಗುತ್ತವೆ. ನಮ್ಮ ಸರ್ವರ್‌ನಲ್ಲಿ ಇನ್ನೂ ಅದೇ ಇದೆ, ಕ್ಲೈಂಟ್ ಒಪ್ಪುತ್ತಿಲ್ಲ, ಇನ್ನೊಂದು ವರ್ಷ ತಳ್ಳಿ, ನಡುನೀರಿನಲ್ಲಿ ಕೈಬಿಡಬೇಡಿ ಎನ್ನುವ ಮಾತುಗಳು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯದಕ್ಕೆ ಬೆಂಬಲ ನಿಲ್ಲಿಸುವ ಹಕ್ಕು ಲೈಬ್ರರಿ ಬರೆಯುವವರಿಗೆ ಇದೆ. ಒಂದು ಹಂತದ ನಂತರ ಅವರು ನಿಲ್ಲಿಸಲೇಬೇಕು. ಆದರೆ ನಿಲ್ಲಿಸುವುದಕ್ಕೂ ಒಂದು ರೀತಿ ಇದೆ. ಆ ರೀತಿ ತಪ್ಪಿದರೆ ಏನೂ ತಪ್ಪು ಮಾಡದವರಿಗೆ ಪೆಟ್ಟು ಬೀಳುತ್ತದೆ. ಇನ್ನು ಹಳೆಯದರಲ್ಲೇ ಇರಬೇಕಾದವರ ಖರ್ಚನ್ನು ಹೊರಬೇಕಾದವರು ಅದರಿಂದ ಲಾಭ ಮಾಡುವವರು. ಸಂಜೆ ಹೊತ್ತು ಸಂಬಳವಿಲ್ಲದೆ ಕೋಡ್ ತಿದ್ದುವ ಸ್ವಯಂಸೇವಕರ ತಲೆಗೆ ಅದನ್ನು ಕಟ್ಟಬಾರದು.

ಮೊದಲು, ಬೆಂಬಲ ನಿಲ್ಲುವುದು ಅಂದರೆ ಏನು ಅಂತ ನೋಡೋಣ. ನಿಮ್ಮ ಪ್ರೋಗ್ರಾಂ ಮರುದಿನ ಬೆಳಗ್ಗೆ ಕೆಟ್ಟು ನಿಲ್ಲುವುದಿಲ್ಲ. 3.9 ಇದ್ದಲ್ಲೇ ಇರುತ್ತದೆ, ಓಡುತ್ತಲೇ ಇರುತ್ತದೆ. ಆದರೆ ಹೊಸದಾಗಿ ಭದ್ರತೆಯ ಲೋಪ ಸಿಕ್ಕರೆ ಪೈಥಾನ್ ತಂಡ ಅದನ್ನು ಆ ಆವೃತ್ತಿಯಲ್ಲಿ ಸರಿಪಡಿಸುವುದಿಲ್ಲ. ಒಂದು ಆವೃತ್ತಿಯ ಐದು ವರ್ಷದಲ್ಲಿ ಮೊದಲ ಭಾಗ ಎಲ್ಲ ಬಗೆಯ ಬಗ್‌ಗಳ ತಿದ್ದುಪಡಿಗೆ. ಈ ಭಾಗ 3.12ರವರೆಗೆ ಒಂದೂವರೆ ವರ್ಷ ಇತ್ತು, 3.13ರಿಂದ ಎರಡು ವರ್ಷ ಆಗಿದೆ. ಉಳಿದ ಕಾಲ ಭದ್ರತಾ ತಿದ್ದುಪಡಿ ಮಾತ್ರ.

ಇಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿ ಇದೆ. ಭದ್ರತಾ ಹಂತಕ್ಕೆ ಬಂದ ಆವೃತ್ತಿಗೆ ವಿಂಡೋಸ್ ಮತ್ತು ಮ್ಯಾಕ್‌ನ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸುತ್ತಾರೆ. ಮೂಲ ಕೋಡ್ ಮಾತ್ರ ಬಿಡುಗಡೆ ಆಗುತ್ತದೆ. ಪೈಥಾನ್ 3.9ಕ್ಕೆ ಕೊನೆಯ ವಿಂಡೋಸ್ ಇನ್‌ಸ್ಟಾಲರ್ 3.9.13, ಅದು ಬಂದದ್ದು 2022ರ ಮೇ ತಿಂಗಳಲ್ಲಿ. ಆಮೇಲೆ ಮೂರು ವರ್ಷಕ್ಕೂ ಜಾಸ್ತಿ ಕಾಲ ತಿದ್ದುಪಡಿಗಳು ಬಂದವು, 3.9.25ರವರೆಗೆ. ಅಧಿಕೃತ ಇನ್‌ಸ್ಟಾಲರ್ ನಂಬಿಕೊಂಡ ವಿಂಡೋಸ್ ಬಳಕೆದಾರರಿಗೆ ಅವು ಮುಟ್ಟಲೇ ಇಲ್ಲ. 3.10ರ ಕಥೆಯೂ ಇದೇ. ಅದರ ಕೊನೆಯ ಇನ್‌ಸ್ಟಾಲರ್ 3.10.11, 2023ರ ಏಪ್ರಿಲ್‌ನದ್ದು. ಅಧಿಕೃತವಾಗಿ ಇನ್ನೂ ಬೆಂಬಲ ಇದೆ ಅಲ್ವಾ ಎಂದು ನಿಶ್ಚಿಂತೆಯಿಂದ ಇರುವವರು ತಮ್ಮ ಕಂಪ್ಯೂಟರಿನಲ್ಲಿ ನಿಜವಾಗಿ ಯಾವ ಆವೃತ್ತಿ ಇದೆ ಎಂದು ಒಮ್ಮೆ ನೋಡಿಕೊಳ್ಳಬೇಕು.

ಹಳೆಯದನ್ನು ಬಿಡುವ ವಿಷಯದಲ್ಲಿ ಹಿಂದೆ ಒಂದು ದೊಡ್ಡ ನೋವಿನ ಕಥೆ ಇದೆ. ಪೈಥಾನ್ 2ರಿಂದ 3ಕ್ಕೆ ದಾಟಿದ ಕಥೆ. ಪೈಥಾನ್ 3.0 ಬಂದದ್ದು 2008ರ ಡಿಸೆಂಬರ್‌ನಲ್ಲಿ. ಹಳೆ ಕೋಡ್ ಅದರಲ್ಲಿ ಹಾಗೇ ಓಡುತ್ತಿರಲಿಲ್ಲ. 2.7 ಬಂದದ್ದು 2010ರ ಜುಲೈನಲ್ಲಿ, 2ರ ಸಾಲಿನ ಕೊನೆಯ ಆವೃತ್ತಿಯಾಗಿ. ಅದಕ್ಕೆ 2015ರವರೆಗೆ ಬೆಂಬಲ ಅಂದಿದ್ದರು. ಜನ ದಾಟಲಿಲ್ಲ. 2014ರಲ್ಲಿ ಗಡುವನ್ನು 2020ಕ್ಕೆ ತಳ್ಳಿದರು. 2020ರ ಜನವರಿ 1ಕ್ಕೆ ಬಾಗಿಲು ಮುಚ್ಚಿತು, ಏಪ್ರಿಲ್‌ನಲ್ಲಿ 2.7.18 ಎಂಬ ಕೊನೆಯ ಬಿಡುಗಡೆ ಬಂತು. ಹನ್ನೊಂದು ವರ್ಷಕ್ಕೂ ಜಾಸ್ತಿ ಎರಡು ಪೈಥಾನ್‌ಗಳು ಜೊತೆಜೊತೆಗೆ ನಡೆದವು.

ಅಷ್ಟೊಂದು ಕಷ್ಟ ಕೊಟ್ಟ ಬದಲಾವಣೆ ಬೇಕಿತ್ತಾ? ಕನ್ನಡದಲ್ಲಿ ಬರೆಯುವ ನಮಗೆ ಉತ್ತರ ಬೇಗ ಸಿಗುತ್ತದೆ. ಪೈಥಾನ್ 2ರ ಫೈಲಿನಲ್ಲಿ ಸುಮ್ನೆ 'ಕನ್ನಡ' ಅಂತ ಒಂದು ಪದ ಬರೆದು ಓಡಿಸಿದರೆ ಸಿಂಟ್ಯಾಕ್ಸ್ ಎರರ್, ಅಂದರೆ ಈ ಬರಹ ಅರ್ಥವಾಗಲಿಲ್ಲ ಎಂಬ ದೋಷ, ಬರುತ್ತಿತ್ತು. ಫೈಲಿನ ತಲೆಯಲ್ಲಿ ಇದು ಯುಟಿಎಫ್-8 (ಎಲ್ಲ ಭಾಷೆಯ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿ) ಎಂದು ಒಂದು ಸಾಲು ಬರೆದರೆ ಮಾತ್ರ ಮುಂದೆ ಹೋಗುತ್ತಿತ್ತು. ಹೋದ ಮೇಲೆ ಆ ಪದದ ಉದ್ದ ಕೇಳಿದರೆ 15 ಅನ್ನುತ್ತಿತ್ತು. ಅದು ಅಕ್ಷರ ಎಣಿಸುತ್ತಿರಲಿಲ್ಲ, ಬೈಟ್ ಎಣಿಸುತ್ತಿತ್ತು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಮೊದಲ ಅಕ್ಷರ ಕೊಡು ಎಂದರೆ 'ಕ' ಬರುತ್ತಿರಲಿಲ್ಲ. 'ಕ'ದೊಳಗಿನ 224, 178, 149 ಎಂಬ ಮೂರು ಬೈಟ್‌ಗಳಲ್ಲಿ ಮೊದಲನೆಯದು ಮಾತ್ರ ಬರುತ್ತಿತ್ತು. ಒಂದು ತುಂಡು ಅಕ್ಷರ, ಪರದೆಯ ಮೇಲೆ ಕಸದ ಹಾಗೆ ಕಾಣುವುದು. ಪೈಥಾನ್ 3ರಲ್ಲಿ ಅದೇ ಪದದ ಉದ್ದ 5. ಕ, ನ, ಒತ್ತಕ್ಷರ ಜೋಡಿಸುವ ಹಲಂತ ಚಿಹ್ನೆ, ಮತ್ತೆ ನ, ಆಮೇಲೆ ಡ. ನಾವು ಓದುವಾಗ ಕಾಣುವ ಮೂರು ಅಕ್ಷರ ಇದೂ ಅಲ್ಲ, ನಿಜ. ಒತ್ತಕ್ಷರಗಳನ್ನು ಒಟ್ಟಾಗಿ ಎಣಿಸಲು ಬೇರೆ ಲೈಬ್ರರಿ ಬೇಕು. ಆದರೆ ಅಕ್ಷರವನ್ನು ಮಧ್ಯದಲ್ಲಿ ಕತ್ತರಿಸಿ ಹಾಳುಮಾಡುವ ತೊಂದರೆ ತಪ್ಪಿತು.

ಪೈಥಾನ್ 2ರಲ್ಲೂ ಯೂನಿಕೋಡ್ ಪಠ್ಯಕ್ಕೆ ಬೇರೆ ಬಗೆ ಇತ್ತು. ಉದ್ಧರಣೆಯ ಮುಂದೆ 'ಯು' ಅಕ್ಷರ ಹಾಕಿದರೆ ಆಗುತ್ತಿತ್ತು. ಆದರೆ ಎರಡನ್ನೂ ಬೆರೆಸಲು ಅದು ಬಿಡುತ್ತಿತ್ತು. ಇಂಗ್ಲಿಷ್ ಪಠ್ಯ ಇರುವವರೆಗೆ ಎಲ್ಲ ಸರಿ. ಯಾರೋ ಒಬ್ಬರು ತಮ್ಮ ಹೆಸರನ್ನು ಕನ್ನಡದಲ್ಲಿ ತುಂಬಿದ ದಿನ ಪ್ರೋಗ್ರಾಂ ಬೀಳುತ್ತಿತ್ತು. ಇಂಗ್ಲಿಷ್‌ನಲ್ಲಿ ಮಾತ್ರ ಪರೀಕ್ಷೆ ಮಾಡಿದ ಕೋಡ್‌ನ ಪೆಟ್ಟನ್ನು ಕನ್ನಡ, ತಮಿಳು, ಅರೇಬಿಕ್ ಬರೆಯುವವರು ತಿನ್ನುತ್ತಿದ್ದರು. ಆದ್ದರಿಂದ ಆ ಬದಲಾವಣೆ ಬೇಕೇ ಬೇಕಿತ್ತು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ನಡೆಸಿಕೊಟ್ಟ ರೀತಿಯಲ್ಲಿ ಮಾತ್ರ ಎಡವಟ್ಟುಗಳಾದವು. ಒಂದು ಸಲ ಪರಿವರ್ತನೆಯ ಸಾಧನ ಓಡಿಸಿ ಎಲ್ಲರೂ ದಾಟಿಬಿಡುತ್ತಾರೆ ಎಂದು ಮೊದಲು ಅಂದುಕೊಂಡಿದ್ದರು. ಲೈಬ್ರರಿ ಬರೆಯುವವರಿಗೆ ಅದು ಆಗದ ಮಾತು. ಅವರ ಬಳಕೆದಾರರು ಎರಡೂ ಕಡೆ ಇದ್ದರು. ಒಂದೇ ಕೋಡ್ ಎರಡರಲ್ಲೂ ಓಡಬೇಕಿತ್ತು. ಆದರೆ ಪೈಥಾನ್ 3ರಲ್ಲಿ ಆ 'ಯು' ಗುರುತನ್ನೇ ತೆಗೆದುಹಾಕಿದ್ದರು. 2012ರಲ್ಲಿ 3.3 ಬಂದಾಗ ಅದನ್ನು ವಾಪಸ್ ತಂದರು. ಅಲ್ಲಿಂದ ದಾಟುವ ಕೆಲಸ ನಿಜವಾಗಿ ವೇಗ ಪಡೆಯಿತು.

ಇನ್ನೊಂದು ಕಡೆಯಿಂದಲೂ ನೂಕುಬಲ ಬಂತು. ವಿಜ್ಞಾನ, ಅಂಕಿಅಂಶಗಳ ಕೆಲಸಕ್ಕೆ ಬಳಸುವ ನಂಪೈ, ಪಾಂಡಾಸ್, ಮ್ಯಾಟ್‌ಪ್ಲಾಟ್‌ಲಿಬ್, ಐಪೈಥಾನ್ ಮುಂತಾದ ಯೋಜನೆಗಳು ಒಟ್ಟಿಗೆ ಸೇರಿ 2020ರೊಳಗೆ ಪೈಥಾನ್ 2 ಬಿಡುತ್ತೇವೆ ಎಂದು ಬಹಿರಂಗವಾಗಿ ಮಾತು ಕೊಟ್ಟವು. ಒಬ್ಬರೇ ಬಿಟ್ಟರೆ ಬಳಕೆದಾರರು ಅವರನ್ನೇ ಬಯ್ಯುತ್ತಾರೆ. ಎಲ್ಲರೂ ಒಟ್ಟಿಗೆ ಬಿಟ್ಟರೆ ಕಂಪನಿಗಳು ಬಜೆಟ್ ಮಾಡಿಕೊಳ್ಳುತ್ತವೆ. ನಂಪೈ 2019ರಿಂದ ಹೊಸ ಸೌಲಭ್ಯಗಳನ್ನು ಪೈಥಾನ್ 3ಕ್ಕೆ ಮಾತ್ರ ಕೊಟ್ಟಿತು. ಆದರೆ 2.7ರಲ್ಲಿ ಓಡುವ ಕೊನೆಯ ಸಾಲಾದ 1.16ಕ್ಕೆ ಆ ವರ್ಷ ಪೂರ್ತಿ ತಿದ್ದುಪಡಿ ಕೊಡುತ್ತಾ ಹೋಯಿತು. ವೆಬ್‌ಸೈಟ್ ಕಟ್ಟಲು ಬಳಸುವ ಜಾಂಗೋ 2017ರ ಡಿಸೆಂಬರ್‌ನಲ್ಲಿ 2.0 ಬಿಟ್ಟಾಗ ಪೈಥಾನ್ 2 ಕೈಬಿಟ್ಟಿತು. ಅದರ ಹಿಂದಿನ 1.11ಕ್ಕೆ 2020ರ ಏಪ್ರಿಲ್‌ವರೆಗೂ ಬೆಂಬಲ ಇತ್ತು. ಹೀಗೆ ಬಿಟ್ಟರೆ ಬಳಕೆದಾರರನ್ನು ನಡುನೀರಿನಲ್ಲಿ ಕೈಬಿಟ್ಟರು ಅನ್ನಲಾಗದು.

ಈಗ ಲೈಬ್ರರಿ ನೋಡಿಕೊಳ್ಳುವವರ ಕಡೆಯಿಂದ ಲೆಕ್ಕ ಹಾಕೋಣ. ಈಗ ಬೆಂಬಲದಲ್ಲಿರುವುದು 3.10ರಿಂದ 3.14ರವರೆಗೆ ಐದು ಆವೃತ್ತಿ. ಲಿನಕ್ಸ್, ವಿಂಡೋಸ್, ಮ್ಯಾಕ್ ಸೇರಿದರೆ ಒಂದೊಂದು ಸಣ್ಣ ಬದಲಾವಣೆಗೂ ಹದಿನೈದು ಕಡೆ ಪರೀಕ್ಷೆ ಓಡಬೇಕು. 3.9 ಉಳಿಸಿಕೊಂಡರೆ ಹದಿನೆಂಟು. ಯಂತ್ರ ತಾನೇ ಓಡಿಸುವುದು, ಏನು ಕಷ್ಟ ಅಂತ ಅನ್ನಿಸಬಹುದು. ಕಷ್ಟ ಇರುವುದು ಅವುಗಳಲ್ಲಿ ಒಂದು ಮಾತ್ರ ಫೇಲಾಗಿ ಕೆಂಪಾದಾಗ. ಹದಿನೇಳು ಕಡೆ ಹಸಿರು, 3.9 ವಿಂಡೋಸ್‌ನಲ್ಲಿ ಮಾತ್ರ ಕೆಂಪು. ಅದನ್ನು ಹುಡುಕಲು ಒಬ್ಬ ಮನುಷ್ಯ ತನ್ನ ಶನಿವಾರ ಕೊಡಬೇಕು. ಅದೇ ಹೊತ್ತಿಗೆ ಪರೀಕ್ಷಾ ಯಂತ್ರಗಳೂ ಕೈಕೊಡುತ್ತವೆ. ಯೋಜನೆಗಳು ಕೋಡ್ ಇಡುವ ತಾಣವಾದ ಗಿಟ್‌ಹಬ್ ತನ್ನ ಪರೀಕ್ಷಾ ಸೇವೆಯ ಪೈಥಾನ್ ಸಾಧನದಿಂದ 2.7ನ್ನು 2023ರಲ್ಲಿ ತೆಗೆಯಿತು. 2025ರ ಏಪ್ರಿಲ್‌ನಲ್ಲಿ ಉಬುಂಟು 20.04 ಎಂಬ ಲಿನಕ್ಸ್‌ನ ಯಂತ್ರಗಳನ್ನು ನಿಲ್ಲಿಸಿದಾಗ 3.6ರಲ್ಲಿ ಪರೀಕ್ಷೆ ಮಾಡುವ ಸುಲಭದ ದಾರಿಯೂ ಹೋಯಿತು. ಪರೀಕ್ಷೆ ಮಾಡಲಾಗದ ಆವೃತ್ತಿಗೆ ಬೆಂಬಲ ಇದೆ ಎಂದು ಬರೆದುಕೊಳ್ಳುವುದು ಬಳಕೆದಾರರಿಗೆ ಮಾಡುವ ಮೋಸ.

ಮತ್ತೊಂದು ಒತ್ತಡ ಭಾಷೆಯ ಒಳಗಿನಿಂದಲೇ ಬರುತ್ತದೆ. 'ಮ್ಯಾಚ್' ಎಂಬ ಹೊಸ ರಚನೆ 3.10ರಲ್ಲಿ ಬಂತು. 3.9ನ್ನು ಬಿಡದ ಯೋಜನೆ ಅದನ್ನು ಮುಟ್ಟುವಂತಿಲ್ಲ. ಒಂದು ಕಡೆ ಬರೆದರೂ ಆ ಫೈಲ್ 3.9ರಲ್ಲಿ ತೆರೆಯುವುದೇ ಇಲ್ಲ. ಸೆಟ್ಟಿಂಗ್‌ಗಳನ್ನು ಬರೆದಿಡುವ ಟಾಮ್ಲ್ ಫೈಲ್ ಓದುವ ಸೌಲಭ್ಯ ಪೈಥಾನ್ ಒಳಗೇ ಬಂದದ್ದು 3.11ರಲ್ಲಿ. ಅದಕ್ಕಿಂತ ಹಳೆಯದು ಬೇಕು ಅಂದರೆ ಹೊರಗಿನ ಒಂದು ಪ್ಯಾಕೇಜನ್ನು ಜೊತೆಗೆ ಹೊರಬೇಕು. ಇತ್ತ ಹೊಸ ಆವೃತ್ತಿಗಳು ಹಳೆ ಸಾಮಾನು ಎತ್ತಿ ಎಸೆಯುತ್ತಲೂ ಇರುತ್ತವೆ. ಎಷ್ಟೋ ವರ್ಷದಿಂದ ಪ್ಯಾಕೇಜ್ ಕಟ್ಟಲು ಬಳಸುತ್ತಿದ್ದ ಡಿಸ್ಟ್‌ಯುಟಿಲ್ಸ್ ಅನ್ನು 2023ರಲ್ಲಿ ಬಂದ 3.12 ತೆಗೆದೇಬಿಟ್ಟಿತು. ಹಳೆಯದು ಒಂದು ಕಡೆ ಎಳೆಯುತ್ತದೆ, ಹೊಸದು ಇನ್ನೊಂದು ಕಡೆ. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ಸಿಕ್ಕಿದ ಕೋಡ್‌ನಲ್ಲಿ 'ಈ ಆವೃತ್ತಿಯಾದರೆ ಹೀಗೆ, ಆ ಆವೃತ್ತಿಯಾದರೆ ಹಾಗೆ' ಎಂಬ ಕವಲುಗಳು ತುಂಬಿ ಹೋಗುತ್ತವೆ. ಹೊಸದಾಗಿ ಕೈಜೋಡಿಸಲು ಬಂದ ವಿದ್ಯಾರ್ಥಿ ಅದನ್ನು ನೋಡಿ ಹೆದರಿ ಹೋಗುತ್ತಾನೆ. ನನಗೆ ಜಾಸ್ತಿ ಬೇಸರ ತರಿಸುವುದು ಈ ನಷ್ಟ. ಬರದೇ ಹೋದವರ ಲೆಕ್ಕ ಎಲ್ಲೂ ಸಿಗುವುದಿಲ್ಲ.

ಹಾಗಾದರೆ ಸರಿಯಾಗಿ ಬಿಡುವುದು ಹೇಗೆ? ಇದರ ಗುಟ್ಟು ಇರುವುದು ಪ್ಯಾಕೇಜಿನ ವಿವರದಲ್ಲಿ ಬರೆಯುವ ಒಂದು ಸಾಲಿನಲ್ಲಿ. ಅದಕ್ಕೆ 'ರಿಕ್ವೈರ್ಸ್-ಪೈಥಾನ್' ಅಂತಾರೆ. ಈ ಪ್ಯಾಕೇಜಿಗೆ 3.10 ಅಥವಾ ಅದಕ್ಕಿಂತ ಹೊಸದು ಬೇಕು ಎಂದು ಅದರಲ್ಲಿ ಬರೆದಿದ್ದರೆ, 3.9 ಇರುವ ಕಂಪ್ಯೂಟರಿನಲ್ಲಿ ಪ್ಯಾಕೇಜ್ ತಂದು ಹಾಕುವ ಸಾಧನವಾದ ಪಿಪ್ ಆ ಬಿಡುಗಡೆಯನ್ನು ಬಿಟ್ಟು ಹಿಂದಕ್ಕೆ ಹೋಗುತ್ತದೆ. 3.9ಕ್ಕೆ ಹೊಂದುವ ಕೊನೆಯ ಬಿಡುಗಡೆಯನ್ನು ತಂದು ಹಾಕುತ್ತದೆ. ಬಳಕೆದಾರರಿಗೆ ಏನೂ ಗೊತ್ತಾಗುವುದೇ ಇಲ್ಲ. ಪಿಪ್ ಇದನ್ನು ಪಾಲಿಸಲು ಶುರುಮಾಡಿದ್ದು 2016ರ ನವೆಂಬರ್‌ನಲ್ಲಿ ಬಂದ 9.0ರಿಂದ. ಇದಕ್ಕಾಗಿ ಶ್ರಮಪಟ್ಟವರಲ್ಲಿ ಐಪೈಥಾನ್ ತಂಡದವರು ಮುಖ್ಯರು. ಅವರಿಗೆ 2017ರ ಏಪ್ರಿಲ್‌ನಲ್ಲಿ ಐಪೈಥಾನ್ 6.0 ಬಿಡುವಾಗ ಪೈಥಾನ್ 2 ಕೈಬಿಡಬೇಕಿತ್ತು. ತಮ್ಮ ಬಳಕೆದಾರರ ಕಂಪ್ಯೂಟರ್ ಕೆಡಬಾರದು ಅಂತ ಮೊದಲು ದಾರಿ ಸರಿ ಮಾಡಿದರು, ಆಮೇಲೆ ಹೆಜ್ಜೆ ಇಟ್ಟರು. ಹಳೆ ಪಿಪ್ ಇದ್ದವರಿಗೆ ಏನು ಮಾಡಬೇಕೆಂದು ತಿಳಿಸುವ ಸಂದೇಶವನ್ನೂ ಪ್ಯಾಕೇಜಿನಲ್ಲಿ ಇಟ್ಟರು. ತೆರೆದ ತಂತ್ರಾಂಶದ ಇತಿಹಾಸದಲ್ಲಿ ಇಷ್ಟು ಜವಾಬ್ದಾರಿಯಿಂದ ಬಾಗಿಲು ಹಾಕಿದ ಉದಾಹರಣೆ ಕಡಿಮೆ.

ಆ ಒಂದು ಸಾಲು ಮರೆತರೆ ಏನಾಗುತ್ತದೆ ನೋಡಿ. ಕೋಡ್‌ನಲ್ಲಿ 'ಮ್ಯಾಚ್' ಇದೆ, ವಿವರದಲ್ಲಿ ಮಾತ್ರ 3.9 ಸಾಕು ಅಂತ ಇದೆ. ಪಿಪ್ ನಂಬಿ ತಂದು ಹಾಕುತ್ತದೆ. ಇನ್‌ಸ್ಟಾಲ್ ಸರಿಯಾಗಿ ಆಯಿತು ಅನ್ನುತ್ತದೆ. ಓಡಿಸಿದಾಗ ಸಿಂಟ್ಯಾಕ್ಸ್ ಎರರ್. ಇದಕ್ಕಿಂತ ಕೆಟ್ಟದ್ದು, ಇದು ನಿಮ್ಮ ನೇರ ಲೈಬ್ರರಿಯಲ್ಲಿ ಆಗಬೇಕಂತಿಲ್ಲ. ನೀವು ಹೆಸರೇ ಕೇಳದ, ನಾಲ್ಕು ಮೆಟ್ಟಿಲು ಕೆಳಗಿನ ಒಂದು ಪ್ಯಾಕೇಜಿನಲ್ಲಿ ಆಗಬಹುದು. ಇದಕ್ಕೆ ಉಲ್ಟಾ ತಪ್ಪೂ ಇದೆ. ಕೆಲವರು ಎಚ್ಚರಿಕೆಗೆಂದು ಮೇಲಿನ ಮಿತಿಯನ್ನೂ ಬರೆಯುತ್ತಾರೆ. 3.13ಕ್ಕಿಂತ ಹೊಸದು ಬೇಡ ಅಂತ. ಆಗ ಹೊಸ ಪೈಥಾನ್ ಇರುವ ಕಂಪ್ಯೂಟರಿನಲ್ಲಿ ಪಿಪ್ ಹಿಂದೆ ಹಿಂದೆ ಹುಡುಕುತ್ತಾ, ಆ ಮಿತಿ ಬರೆಯದಿದ್ದ ಯಾವುದೋ ಪುರಾತನ ಬಿಡುಗಡೆಯನ್ನು ತಂದು ಹಾಕಿಬಿಡುತ್ತದೆ. ಕೆಳಗಿನ ಮಿತಿ ಬರೆಯಲೇಬೇಕು, ಮೇಲಿನದನ್ನು ಬಲವಾದ ಕಾರಣ ಇಲ್ಲದೆ ಬರೆಯಬಾರದು.

ಬಿಟ್ಟ ನಂತರವೂ ಸ್ವಲ್ಪ ಕಾಲ ಹಳೆ ಸಾಲಿಗೆ ಭದ್ರತಾ ತಿದ್ದುಪಡಿ ಕೊಡುವುದು ದೊಡ್ಡ ಉಪಕಾರ. ಪೈಥಾನ್‌ನಲ್ಲಿ ವೆಬ್‌ಗೆ ಸಂಪರ್ಕ ಮಾಡುವ ಯುಆರ್‌ಎಲ್‌ಲಿಬ್3 ಲೈಬ್ರರಿ ಇದನ್ನು ಮಾಡಿ ತೋರಿಸಿತು. 2023ರಲ್ಲಿ ಅದರ 2.0 ಬಂತು. ಪೈಥಾನ್ 2.7ನ್ನೂ, ಸಂಪರ್ಕವನ್ನು ಗುಪ್ತವಾಗಿಡುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ಹಳೆ ಆವೃತ್ತಿಗಳನ್ನೂ ಬಿಟ್ಟಿತು. ಆಗ ಗಲಾಟೆಯೂ ಆಯಿತು. ಯಾಕೆಂದರೆ ಎಷ್ಟೋ ಸರ್ವರ್‌ಗಳಲ್ಲಿ ಪೈಥಾನ್ ಹೊಸದಿದ್ದರೂ ಅದರ ಕೆಳಗಿನ ಓಪನ್‌ಎಸ್‌ಎಸ್‌ಎಲ್ 1.0.2 ಆಗಿತ್ತು. ಪೈಥಾನ್ ಆವೃತ್ತಿ ನೋಡಿ ಆರಿಸುವ ಪಿಪ್‌ಗೆ ಅದು ಕಾಣುವುದಿಲ್ಲ. ಇನ್‌ಸ್ಟಾಲ್ ಆದ ಮೇಲೆ ಎರರ್ ಬರುತ್ತಿತ್ತು. ಆದರೆ ಹಳೆ 1.26ರ ಸಾಲನ್ನು ಅವರು ಮರೆಯಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಕುಕಿಗಳು ಬೇರೆ ಸೈಟಿಗೆ ಸೋರುವ ಲೋಪ ಸಿಕ್ಕಾಗ 2.0ಕ್ಕೂ 1.26ಕ್ಕೂ ತಿದ್ದುಪಡಿ ಒಟ್ಟಿಗೆ ಬಂತು. ಅಂದರೆ ಪೈಥಾನ್ 2.7 ಮುಚ್ಚಿ ಮೂರು ವರ್ಷ ಕಳೆದ ಮೇಲೂ ಅದರ ಬಳಕೆದಾರರಿಗೆ ರಕ್ಷಣೆ ಸಿಕ್ಕಿತು. ಈ ಯೋಜನೆಗೆ ಪ್ರಾಯೋಜಕರ ಹಣ ಬರುತ್ತಿತ್ತು ಎಂಬುದನ್ನು ಮರೆಯಬಾರದು.

ಹಣದ ಮಾತು ಬಂತು. ಹಣ ಪಡೆದು ಲಿನಕ್ಸ್‌ಗೆ ಬೆಂಬಲ ಕೊಡುವ ರೆಡ್ ಹ್ಯಾಟ್ ಕಂಪನಿಯ ಎಂಟರ್‌ಪ್ರೈಸ್ ಲಿನಕ್ಸ್ 8ರ ಒಳಗಿರುವುದು ಪೈಥಾನ್ 3.6. ಪೈಥಾನ್ ತಂಡ 3.6ನ್ನು ಬಿಟ್ಟದ್ದು 2021ರ ಡಿಸೆಂಬರ್‌ನಲ್ಲಿ. ರೆಡ್ ಹ್ಯಾಟ್ ಅದನ್ನು 2029ರವರೆಗೆ ನೋಡಿಕೊಳ್ಳುತ್ತದೆ. ಲಿನಕ್ಸ್ 9ರ ಒಳಗೆ 3.9 ಇದೆ, ಅದಕ್ಕೆ 2032ರವರೆಗೆ. ಇದು ಸರಿಯಾದ ವ್ಯವಸ್ಥೆ. ಹತ್ತು ವರ್ಷ ಏನೂ ಅಲುಗಾಡಬಾರದು ಎನ್ನುವ ಬ್ಯಾಂಕು, ವಿಮಾ ಕಂಪನಿಗಳು ಹಣ ಕೊಡುತ್ತವೆ, ಹಣ ಪಡೆದವರು ಕೆಲಸ ಮಾಡುತ್ತಾರೆ. ಬೆಂಗಳೂರಿನ ಎಷ್ಟೋ ಐಟಿ ಉದ್ಯೋಗಿಗಳ ಹೊಟ್ಟೆಪಾಡು ಇಂಥ ಸರ್ವರ್‌ಗಳ ಮೇಲೆಯೇ ನಿಂತಿದೆ. ಅವರಿಗೆ ಆವೃತ್ತಿ ಬದಲಿಸುವ ಅಧಿಕಾರ ಇಲ್ಲ ಎಂಬುದೂ ನಿಜ. ತೊಂದರೆ ಎಲ್ಲಿ ಅಂದರೆ, ರೆಡ್ ಹ್ಯಾಟ್ ಕಾಯುವುದು ತಾನು ಕೊಟ್ಟ ಪೈಥಾನ್ ಮತ್ತು ತಾನು ಕೊಟ್ಟ ಪ್ಯಾಕೇಜುಗಳನ್ನು. ಅದರ ಮೇಲೆ ನೀವು ಪಿಪ್‌ನಿಂದ ತಂದು ಹಾಕಿದ್ದಕ್ಕೆ ಅವರು ಹೊಣೆಯಲ್ಲ. ಆಗ ಕಂಪನಿಯ ಎಂಜಿನಿಯರ್ ಆ ಲೈಬ್ರರಿಯ ಸ್ವಯಂಸೇವಕರ ಹತ್ತಿರ ಹೋಗಿ 3.6ಕ್ಕೂ ಕೊಡಿ ಅಂತ ಕೇಳುತ್ತಾರೆ. ವ್ಯವಸ್ಥಾಪಕರಿಗೆ ಹೇಳಬೇಕಾದ ಮಾತನ್ನು ಇಲ್ಲಿ ಹೇಳುತ್ತಿದ್ದಾರೆ. ಬೇಕು ಅಂದರೆ ತಿದ್ದುಪಡಿ ಬರೆದುಕೊಡಿ, ಇಲ್ಲವೇ ಹಣ ಕೊಡಿ ಎಂದು ಆ ಸ್ವಯಂಸೇವಕ ಹೇಳಿದರೆ ಅದನ್ನು ಒರಟುತನ ಅನ್ನಬಾರದು.

ಬೇರೆ ದಾರಿ ಹಿಡಿದವರೂ ಇದ್ದಾರೆ. ಇ-ಪುಸ್ತಕ ನೋಡಿಕೊಳ್ಳುವ ಕ್ಯಾಲಿಬರ್ ನಮ್ಮಲ್ಲೂ ಬಹಳ ಜನ ಬಳಸುವ ತಂತ್ರಾಂಶ. ಅದನ್ನು ಬರೆದ ಕೋವಿದ್ ಗೋಯಲ್ ಪೈಥಾನ್ 2ನ್ನು ಬಿಡಲು ಒಪ್ಪಿರಲಿಲ್ಲ. ಬೇಕಾದರೆ ಅದನ್ನು ತಾವೇ ನೋಡಿಕೊಳ್ಳುವುದಾಗಿ ಹೇಳಿದ್ದರು. ಕ್ಯಾಲಿಬರ್ ತನ್ನ ಪೈಥಾನ್ ಅನ್ನು ತಾನೇ ಹೊತ್ತು ತರುವುದರಿಂದ ಬಳಕೆದಾರರಿಗೆ ವ್ಯತ್ಯಾಸ ಕಾಣುತ್ತಿರಲಿಲ್ಲ. ಕೊನೆಗೆ ಬೇರೆಯವರೂ ಕೈಜೋಡಿಸಿ ಕೋಡ್ ಬದಲಿಸಿದರು. 2020ರ ಸೆಪ್ಟೆಂಬರ್‌ನಲ್ಲಿ ಪೈಥಾನ್ 3ರ ಮೇಲೆ ನಿಂತ ಕ್ಯಾಲಿಬರ್ 5 ಬಂತು. ಕೇಳುವ ಬದಲು ಮಾಡಿಕೊಟ್ಟವರಿಂದ ಅದು ಆಯಿತು.

ಎಲ್ಲ ದೂರುಗಳೂ ಕಂಪನಿಗಳದ್ದಲ್ಲ. ನನಗೆ ನಿಜವಾಗಿ ಕಾಳಜಿ ಇರುವುದು ಹಳೆ ಕಂಪ್ಯೂಟರ್ ಇರುವ ಶಾಲೆ, ಕಾಲೇಜುಗಳ ಬಗ್ಗೆ. ವಿಂಡೋಸ್ 7ರಲ್ಲಿ ಪೈಥಾನ್ 3.9 ಇನ್‌ಸ್ಟಾಲ್ ಆಗುವುದೇ ಇಲ್ಲ. ಅಲ್ಲಿಗೆ ಕೊನೆಯದು 3.8.10. ಆ ಲ್ಯಾಬಿನಲ್ಲಿ ಲೂಪ್, ಲಿಸ್ಟ್, ಡಿಕ್ಷನರಿ ಕಲಿಸಲು ಏನೂ ತೊಂದರೆ ಇಲ್ಲ. ಆದರೆ ವಿದ್ಯಾರ್ಥಿ ಯೂಟ್ಯೂಬ್ ನೋಡಿ ಹೊಸ ಲೈಬ್ರರಿ ಹಾಕಲು ಹೋದರೆ ಬರುವುದಿಲ್ಲ. ಯಾಕೆ ಬರಲಿಲ್ಲ ಅಂತ ಅರ್ಥವಾಗದೆ ತನ್ನದೇ ತಪ್ಪು ಅಂದುಕೊಳ್ಳುತ್ತಾಳೆ. ಲಿನಕ್ಸ್ ಹಾಕಿ ಅನ್ನುವುದು ಸುಲಭದ ಉತ್ತರ. ಯಂತ್ರ 64 ಬಿಟ್‌ನದ್ದಾದರೆ ಅದು ಒಳ್ಳೆಯ ಉತ್ತರವೂ ಹೌದು. 32 ಬಿಟ್‌ನದ್ದಾದರೆ, 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಎಂಬ ಲಿನಕ್ಸ್ ಕೂಡ ಅದರಲ್ಲಿ ಇನ್‌ಸ್ಟಾಲ್ ಆಗುವುದಿಲ್ಲ. ಅಂಥ ಕಡೆ 'ಅಪ್‌ಡೇಟ್ ಮಾಡಿಕೊಳ್ಳಿ' ಎಂಬ ಮಾತಿನ ಅರ್ಥ ಹೊಸ ಕಂಪ್ಯೂಟರ್ ಕೊಳ್ಳಿ ಎಂದು. ಆ ಖರ್ಚು ಶಿಕ್ಷಣ ಇಲಾಖೆ, ಆಡಳಿತ ಮಂಡಳಿಗಳದ್ದು. ಲೈಬ್ರರಿ ಬರೆಯುವವರು ಮಾಡಬಹುದಾದ್ದು ಇಷ್ಟೇ: ತಮ್ಮ ಹಳೆ ಬಿಡುಗಡೆಯ ದಾಖಲೆಗಳನ್ನು ಅಳಿಸದೆ ಇಡುವುದು, 3.8ಕ್ಕೆ ಯಾವುದು ಕೊನೆಯದು ಅಂತ ಮೊದಲ ಪುಟದಲ್ಲೇ ಬರೆಯುವುದು. ಒಂದು ಸಾಲಿನ ಕೆಲಸ. ಬಹಳ ಕಡೆ ಅದು ಸಿಗುವುದಿಲ್ಲ.

ವಿಜ್ಞಾನದ ಲೈಬ್ರರಿಗಳ ವೇಗದ ಬಗ್ಗೆಯೂ ನನಗೆ ಸ್ವಲ್ಪ ತಕರಾರಿದೆ. ಒಂದು ಪೈಥಾನ್ ಆವೃತ್ತಿ ಬಂದ ಮೇಲೆ 42 ತಿಂಗಳು ಬೆಂಬಲ ಎಂಬ ನಿಯಮವನ್ನು ನಂಪೈ 2019ರಲ್ಲಿ ಇಟ್ಟುಕೊಂಡಿತ್ತು. ಈಗ ಆ ವಲಯದ ಯೋಜನೆಗಳು ಒಪ್ಪಿಕೊಂಡಿರುವ ನಿಯಮದಲ್ಲಿ ಪೈಥಾನ್ ಆವೃತ್ತಿಗೆ ಮೂರು ವರ್ಷ ಮಾತ್ರ. ಪೈಥಾನ್ ತಂಡವೇ ಐದು ವರ್ಷ ಕೊಡುವಾಗ ಎರಡು ವರ್ಷ ಮೊದಲೇ ಬಿಡುವುದು ಅವಸರ ಅನ್ನಿಸುತ್ತದೆ. ಅವರ ಕಾರಣವೂ ತೆಗೆದುಹಾಕುವಂಥದ್ದಲ್ಲ. ಒಂದೊಂದು ಪೈಥಾನ್ ಆವೃತ್ತಿಗೂ ಒಂದೊಂದು ಪ್ರೊಸೆಸರ್‌ಗೂ ಬೇರೆ ಬೇರೆ ಕಟ್ಟಿದ ಫೈಲ್ ಕೊಡಬೇಕಾದ ಯೋಜನೆ ಅದು. ಪಿಎಚ್‌ಪಿ ಎಂಬ ಭಾಷೆಯ ಮೇಲೆ ನಡೆಯುವ, ವೆಬ್‌ಸೈಟ್ ನಡೆಸಲು ಬಳಸುವ ವರ್ಡ್‌ಪ್ರೆಸ್ ಇದಕ್ಕೆ ಪೂರ್ತಿ ಎದುರು ತುದಿ. ಹಳೆ ಪಿಎಚ್‌ಪಿ ಬಳಸುವ ಸೈಟುಗಳು ಶೇ 5ಕ್ಕಿಂತ ಕೆಳಗೆ ಇಳಿಯುವವರೆಗೆ ಕಾಯುವುದು ಅಲ್ಲಿನ ರೂಢಿ. ಪಿಎಚ್‌ಪಿ 5.6ರ ಅವಧಿ 2018ರ ಕೊನೆಗೆ ಮುಗಿದಿದ್ದರೂ ವರ್ಡ್‌ಪ್ರೆಸ್ ಅದನ್ನು ಬಿಟ್ಟದ್ದು 2023ರ ಆಗಸ್ಟ್‌ನಲ್ಲಿ. ಅಂಗಡಿಯವರು, ಸಣ್ಣ ಪತ್ರಿಕೆಯವರು ಬಳಸುವ ತಂತ್ರಾಂಶಕ್ಕೆ ಆ ತಾಳ್ಮೆ ಬೇಕು. ಪ್ರೋಗ್ರಾಮರ್‌ಗಳೇ ಬಳಸುವ ಲೈಬ್ರರಿಗೆ ಅಷ್ಟು ಬೇಡ.

3.10ರಲ್ಲಿ ಇರುವವರು ಈಗಲೇ ಒಂದಿಷ್ಟು ನೋಡಿಕೊಳ್ಳಬಹುದು. ಉಬುಂಟು 22.04ರ ಜೊತೆ ಬರುವುದು ಇದೇ ಆವೃತ್ತಿ. 2026ರ ಅಕ್ಟೋಬರ್ ದಾಟಿದ ಮೇಲೂ, 2027ರವರೆಗೆ ಉಬುಂಟು ತಾನು ಕೊಟ್ಟ ಪೈಥಾನ್‌ಗೆ ಭದ್ರತಾ ತಿದ್ದುಪಡಿ ಕೊಡುತ್ತದೆ. ಪಿಪ್‌ನಿಂದ ಬರುವುದರ ಕಥೆ ಬೇರೆ. 2025ರ ಜೂನ್‌ನಲ್ಲಿ ಬಂದ ನಂಪೈ 2.3ಕ್ಕೆ 3.11 ಬೇಕು, ಆದ್ದರಿಂದ 3.10 ಇದ್ದವರಿಗೆ 2.2ರ ಸಾಲೇ ಕೊನೆ. ಜಾಂಗೋ 6.0ಕ್ಕೆ 3.12 ಬೇಕು, ಇವರಿಗೆ 5.2 ಸಿಗುತ್ತದೆ. ಅದು ದೀರ್ಘ ಬೆಂಬಲದ ಬಿಡುಗಡೆ, 2028ರ ಏಪ್ರಿಲ್‌ವರೆಗೆ ಗಟ್ಟಿ. ವ್ಯವಸ್ಥೆಯ ಪೈಥಾನ್ ಅನ್ನು ಮುಟ್ಟದೆ ಪಕ್ಕದಲ್ಲೇ 3.12 ಅಥವಾ 3.13 ಇಟ್ಟುಕೊಳ್ಳುವುದು ಈಗ 'ಯುವಿ'ಯಂಥ ಸಾಧನದಿಂದ ಒಂದು ಆಜ್ಞೆಯ ಕೆಲಸ. ನಿಮ್ಮ ಪರೀಕ್ಷೆಗಳನ್ನು ಆ ಹೊಸದರಲ್ಲಿ ಒಮ್ಮೆ ಓಡಿಸಿ ನೋಡಿ. ಡಿಸ್ಟ್‌ಯುಟಿಲ್ಸ್ ಇಲ್ಲ ಎಂದು ಎಲ್ಲಿ ಬೀಳುತ್ತದೋ ಅಲ್ಲಿಂದ ಶುರುಮಾಡಿ.